ಅಲೆ ಬರುವ ಮೊದಲೇ ಕಾಡು ಹೋಗಿತ್ತು

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ನುಮೆನೋರ್ ಎಂಬ ಕಲ್ಪನೆಯ ದ್ವೀಪದ ಬಗ್ಗೆ ಬಂದ ಲೇಖನವನ್ನು ಎರಡು ಸಲ ಓದಿದೆ. ಕನ್ನಡದ ಪತ್ರಿಕೆಯೊಂದು 'ಲಾರ್ಡ್ ಆಫ್ ದಿ ರಿಂಗ್ಸ್' ಬರೆದ ಇಂಗ್ಲಿಷ್ ಲೇಖಕ ಟೋಲ್ಕಿನ್ ಅವರ ಲೋಕಕ್ಕೆ ಇಡೀ ಒಂದು ಪುಟ ಕೊಟ್ಟಿದ್ದು ನೋಡಿ ತುಂಬಾ ಖುಷಿಯಾಯಿತು. ಮೊದಲು ಅದಕ್ಕೆ ಧನ್ಯವಾದ.

ಆದರೆ ಪುಟ ಮಡಚಿಟ್ಟ ಮೇಲೂ ಒಂದು ಕೊರತೆ ಮನಸ್ಸಿನಲ್ಲೇ ಉಳಿಯಿತು. ಸೊಕ್ಕಿದ ರಾಜ ದೇವತೆಗಳ ಮೇಲೆ ದಂಡೆತ್ತಿ ಹೋದ, ಸಮುದ್ರ ಉಕ್ಕಿ ದ್ವೀಪವನ್ನು ನುಂಗಿತು ಎಂಬಲ್ಲಿಗೆ ಲೇಖನ ಮುಗಿದಿತ್ತು. ಅದು ಸುಳ್ಳೇನಲ್ಲ. ಆದರೆ ಆ ಜನರ ಚರಿತ್ರೆ ಮೂರು ಸಾವಿರ ವರ್ಷಕ್ಕೂ ಜಾಸ್ತಿ. ಕೊನೆಯ ದಿನವನ್ನಷ್ಟೇ ಹೇಳಿದರೆ ಉಳಿದ ಅಷ್ಟೂ ವರ್ಷ ಏನಾಯಿತು ಅನ್ನುವುದು ಓದುಗರಿಗೆ ಗೊತ್ತಾಗುವುದೇ ಇಲ್ಲ. ಅದರಲ್ಲೂ ಒಂದು ಕಾಡಿನ ಕಥೆ ಪೂರ್ತಿ ಬಿಟ್ಟುಹೋಗಿದೆ. ಅದಕ್ಕೇ ಈ ಪತ್ರ.

ನಾನು ಯಾರು ಅಂತ ಹೇಳಿಬಿಡುತ್ತೇನೆ. ನಾಟಾ ಡಿಪೋದಲ್ಲಿ ಗುಮಾಸ್ತನಾಗಿ ಕೆಲಸ ಮಾಡಿ ನಿವೃತ್ತನಾದವನು. ಲಾರಿಯಿಂದ ದಿಮ್ಮಿ ಇಳಿಯುವುದು, ಟೇಪು ಹಿಡಿದು ಉದ್ದ ಮತ್ತು ಸುತ್ತಳತೆ ತೆಗೆಯುವುದು, ಘನ ಮೀಟರಿನ ಲೆಕ್ಕ ಹಾಕುವುದು, ಲಾಟು ಮಾಡಿ ಹರಾಜಿಗೆ ಇಡುವುದು, ಇದರಲ್ಲೇ ಮೂವತ್ತು ವರ್ಷ ಕಳೆಯಿತು. ತೇಗ, ಮತ್ತಿ, ನಂದಿ, ಹೊನ್ನೆ, ಬೀಟೆ, ಯಾವುದನ್ನೇ ಆದರೂ ಕೊಯ್ದ ಮುಖ ನೋಡಿ ಹೇಳಬಲ್ಲೆ. ಮಳೆಗಾಲದಲ್ಲಿ ಕಣ್ಣು ಮುಚ್ಚಿಕೊಂಡು ವಾಸನೆಯಿಂದಲೇ ಹೇಳುತ್ತಿದ್ದೆ.

ಟೋಲ್ಕಿನ್ ಪುಸ್ತಕಗಳು ನಮ್ಮ ಮನೆಗೆ ಬಂದಿದ್ದು ಮೊಮ್ಮಗಳಿಂದ. ಧಾರವಾಡದಿಂದ ರಜೆಗೆ ಬಂದವಳು ನಾಲ್ಕು ಪುಸ್ತಕ ಇಲ್ಲೇ ಬಿಟ್ಟುಹೋದಳು. ಪಕ್ಕದಲ್ಲಿ ಇಂಗ್ಲಿಷ್-ಕನ್ನಡ ನಿಘಂಟು ಇಟ್ಟುಕೊಂಡು ದಿನಕ್ಕೆ ಮೂರು ನಾಲ್ಕು ಪುಟದ ಲೆಕ್ಕದಲ್ಲಿ ಓದಿದೆ. ನುಮೆನೋರಿನ ಪತನದ ಮುಖ್ಯ ಕಥೆ ಇರುವುದು 1977ರಲ್ಲಿ ಬಂದ 'ಸಿಲ್ಮರಿಲಿಯನ್' ಪುಸ್ತಕದಲ್ಲಿ. ಟೋಲ್ಕಿನ್ ತೀರಿಕೊಂಡಿದ್ದು 1973ರಲ್ಲಿ. ಅವರು ಬಿಟ್ಟುಹೋದ ಕಾಗದಗಳನ್ನೆಲ್ಲ ಜೋಡಿಸಿ ಅಚ್ಚಿಗೆ ತಂದವರು ಮಗ ಕ್ರಿಸ್ಟೋಫರ್. ನಾನು ಹೇಳಬೇಕೆಂದಿರುವ ಕಾಡಿನ ಸಂಗತಿ ಇರುವುದು 1980ರಲ್ಲಿ ಬಂದ 'ಅನ್‌ಫಿನಿಶ್ಡ್ ಟೇಲ್ಸ್' ಪುಸ್ತಕದಲ್ಲಿ, ಅದೂ ಒಂದು ಅಧ್ಯಾಯಕ್ಕೆ ಬಾಲದ ಹಾಗೆ ಸೇರಿಸಿದ ಅನುಬಂಧದಲ್ಲಿ. ಬಹಳ ಜನ ಅಲ್ಲಿವರೆಗೆ ಹೋಗುವುದಿಲ್ಲ ಅಂತ ಕಾಣುತ್ತದೆ.

ಮೊದಲಿನಿಂದ ಹೇಳುತ್ತೇನೆ. ಮೊರ್ಗೋತ್ ಎಂಬ ದುಷ್ಟಶಕ್ತಿಯ ವಿರುದ್ಧದ ಯುದ್ಧದಲ್ಲಿ ಮನುಷ್ಯರ ಮೂರು ಮನೆತನಗಳು ಸಾವಿಲ್ಲದ ಜನಾಂಗವಾದ ಎಲ್ಫ್‌ಗಳ ಜೊತೆ ನಿಂತವು. ಬೆಯೋರನ ಮನೆತನ, ಹಾದೋರನ ಮನೆತನ, ಹಾಲೆತ್ ಎಂಬ ಹೆಂಗಸಿನ ಹೆಸರಿನ ಮನೆತನ. ಈ ಮೂರನೆಯದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಹಾಲೆತಳ ಜನ ಕಾಡಿನಲ್ಲಿ ಇರುತ್ತಿದ್ದವರು. ಬ್ರೆಥಿಲ್ ಎಂಬ ಕಾಡೇ ಅವರ ಮನೆಯಾಗಿತ್ತು. ಯುದ್ಧ ಮುಗಿದ ಮೇಲೆ ದೇವತೆಗಳು ಈ ಮೂರೂ ಮನೆತನದ ಜನರಿಗೆ ಉಡುಗೊರೆಯಾಗಿ ಸಮುದ್ರದ ನಡುವೆ ಒಂದು ಹೊಸ ದ್ವೀಪವನ್ನೇ ಎಬ್ಬಿಸಿ ಕೊಟ್ಟರು. ನಕ್ಷತ್ರದ ಆಕಾರ, ಐದು ಚೂಪು, ನಡುವೆ ಮೆನೆಲ್ಟಾರ್ಮ ಎಂಬ ಬೆಟ್ಟ. ಎರಡನೇ ಯುಗದ 32ನೇ ವರ್ಷದಲ್ಲಿ ಅಲ್ಲಿಗೆ ಬಂದು ಇಳಿದರು. ಎಲ್ರೋಸ್ ಮೊದಲ ರಾಜ. ಅವನು ಆಳಿದ್ದು 410 ವರ್ಷ. ಆ ಜನರ ಆಯಸ್ಸು ಬೇರೆ ಮನುಷ್ಯರಿಗಿಂತ ಎಷ್ಟೋ ಜಾಸ್ತಿ. ಅವರಿಗೆ ಇದ್ದಿದ್ದು ಒಂದೇ ಕಟ್ಟಳೆ: ಪಶ್ಚಿಮಕ್ಕೆ ತಮ್ಮ ದಡ ಕಣ್ಮರೆಯಾಗುವಷ್ಟು ದೂರ ಹೋಗಬಾರದು. ಆ ದಿಕ್ಕಿನಲ್ಲಿ ಸಾವಿಲ್ಲದವರ ನಾಡು ಇತ್ತು.

ಪೂರ್ವಕ್ಕೆ ಮಾತ್ರ ಎಷ್ಟು ದೂರ ಬೇಕಾದರೂ ಹೋಗಬಹುದಿತ್ತು. 600ನೇ ವರ್ಷದಲ್ಲಿ ವೆಯಾಂತೂರ್ ಎಂಬ ನಾವಿಕ ಮೊದಲ ಬಾರಿಗೆ ತಮ್ಮ ಹಳೇ ನೆಲ ಮಿಡ್ಲ್-ಅರ್ಥ್‌ಗೆ ಹಡಗಿನಲ್ಲಿ ಮರಳಿ ಹೋದ. ಅವನ ಮಗಳ ಮಗ ಅಲ್ಡಾರಿಯನ್. ಮುಂದೆ ದ್ವೀಪದ ಆರನೇ ರಾಜನಾದವನು. ನನ್ನ ಲೆಕ್ಕದಲ್ಲಿ ಈ ಚರಿತ್ರೆಯ ತಿರುವು ಇವನಿಂದ ಶುರುವಾಗುತ್ತದೆ.

ಅಲ್ಡಾರಿಯನ್‌ನನ್ನು ಕೆಟ್ಟವನು ಅಂತ ನಾನು ಹೇಳುವುದಿಲ್ಲ. ಅವನಿಗೆ ಸಮುದ್ರದ ಹುಚ್ಚು. 750ರಲ್ಲಿ ನಾವಿಕರ ಸಂಘವನ್ನೇ ಕಟ್ಟಿದ. ಹಡಗಿಗೆ ಮರ ಬೇಕು, ಒಂದೊಂದು ಹಡಗಿಗೆ ಎಷ್ಟೆಷ್ಟೋ ಮರ. ದ್ವೀಪದಲ್ಲಿ ಕಡಿದ ಕಡೆಯಲ್ಲೆಲ್ಲ ಅವನು ಮತ್ತೆ ನೆಡಿಸುತ್ತಿದ್ದ. ಇದನ್ನು ಓದುವಾಗ ನನಗೆ ಗೌರವ ಬಂತು. ನೆಡುತೋಪು ಮಾಡಿ, ಸಸಿ ಬೆಳೆಯುವುದನ್ನು ಕಾದು ನೋಡಿದವರಿಗೆ ಅದರ ಕಷ್ಟ ಗೊತ್ತು. ಆದರೂ ದ್ವೀಪದಲ್ಲಿ ಅವನ ಮರಗಡಿತಕ್ಕೆ ವಿರೋಧ ಎದ್ದಿತು. ಅವನ ಅಪ್ಪ, ರಾಜ ಮೆನೆಲ್ದೂರ್, ಒಂದು ಹಂತದಲ್ಲಿ ಹಡಗಿಗಾಗಿ ಮರ ಕಡಿಯುವುದನ್ನೇ ನಿಲ್ಲಿಸಿದ.

ಅವನ ಹೆಂಡತಿ ಎರೆಂಡಿಸ್ ಮರಗಳನ್ನು ಪ್ರಾಣದಂತೆ ಪ್ರೀತಿಸಿದವಳು. ಅವರ ಕಥೆ ಓದಿದ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ. 870ರಲ್ಲಿ ಮದುವೆ, 873ರಲ್ಲಿ ಮಗಳು ಅಂಕಲಿಮೆ ಹುಟ್ಟಿದಳು. ಮಗುವಿಗೆ ನಾಲ್ಕು ವರ್ಷವಾಗಿತ್ತು. ಎರಡು ವರ್ಷದಲ್ಲಿ ಬರುತ್ತೇನೆ ಅಂತ ಮಾತು ಕೊಟ್ಟು ಹೊರಟ ಗಂಡ ಮರಳಿದ್ದು ಐದು ವರ್ಷ ಕಳೆದ ಮೇಲೆ. ಅಷ್ಟರಲ್ಲಿ ಅವಳು ಮಗಳನ್ನು ಕರೆದುಕೊಂಡು ಕುರಿ ಮೇಯುವ ಬಯಲು ಸೀಮೆಗೆ ಹೋಗಿ, ಹೆಂಗಸರೇ ಇರುವ ಮನೆಯೊಂದರಲ್ಲಿ ನೆಲೆಸಿದ್ದಳು. ಆಮೇಲೆ ಆ ಸಂಸಾರ ಮತ್ತೆ ಒಂದಾಗಲೇ ಇಲ್ಲ. ಆ ಮಗಳಿಗಾಗಿ ಅಲ್ಡಾರಿಯನ್ ಪಟ್ಟದ ನಿಯಮವನ್ನೇ ಬದಲಿಸಿದ. ದ್ವೀಪದ ಮೊದಲ ಆಳುವ ರಾಣಿ ಅವಳೇ. ಎರೆಂಡಿಸ್ ಮಾತ್ರ ವಯಸ್ಸಾದ ಮೇಲೆ ಗಂಡನನ್ನು ಹುಡುಕಿಕೊಂಡು ರೋಮೆನ್ನದ ಬಂದರಿಗೆ ಬಂದಳು. ಅಲ್ಲಿ ನೀರಿನ ಪಾಲಾದಳು. ಒಬ್ಬ ಹೆಣ್ಣುಮಗಳು ಮರ ಮತ್ತು ಹಡಗಿನ ನಡುವೆ ಹೀಗೆ ಸೀಳಿಹೋಗಿದ್ದನ್ನು ಬೇರೆಲ್ಲೂ ನಾನು ಓದಿಲ್ಲ.

ಈಗ ನಿಮ್ಮ ಲೇಖನದಲ್ಲಿ ಇಲ್ಲದ ಭಾಗಕ್ಕೆ ಬರುತ್ತೇನೆ. ಮನೆಯಲ್ಲಿ ಮರ ಕಡಿದರೆ ಜಗಳ. ಆದ್ದರಿಂದ ಅಲ್ಡಾರಿಯನ್ ಕಣ್ಣು ಸಮುದ್ರದಾಚೆ ಹೋಯಿತು. ಗ್ವಾಥ್ಲೋ ಎಂಬ ನದಿ. ಅದರ ಉತ್ತರಕ್ಕೆ ಮಿನ್ಹಿರಿಯಾಥ್, ದಕ್ಷಿಣಕ್ಕೆ ಎನೆಡ್‌ವೈಥ್. ಎರಡೂ ಕಡೆ ಕೊನೆ ಕಾಣದ ಕಾಡು. ಅವನು ನದಿ ಸಮುದ್ರ ಸೇರುವ ಜಾಗದಲ್ಲಿ ವಿನ್ಯಲೋಂಡೆ ಎಂಬ ಬಂದರು ಮಾಡಿದ. ಮೊದಮೊದಲು ಎರಡು ದಡದ ಮರ ಮಾತ್ರ ಕಡಿದರು. ದಿಮ್ಮಿಗಳನ್ನು ನದಿಯಲ್ಲಿ ತೇಲಿಸಿ ಬಂದರಿಗೆ ಇಳಿಸುತ್ತಿದ್ದರು. ಈ ಸಾಲು ಓದಿದಾಗ ಪುಸ್ತಕ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತೆ. ಹಿಂದೆ ಕಾಳಿ ನದಿಯಲ್ಲಿ ತೇಗದ ದಿಮ್ಮಿ ತೇಲಿಸಿ ಸಾಗಿಸುತ್ತಿದ್ದ ಸಂಗತಿಯನ್ನು ಡಿಪೋದ ಹಳಬರು ನಮಗೆ ಹೇಳುತ್ತಿದ್ದರು. ಅದೇ ಚಿತ್ರ ಕಣ್ಣ ಮುಂದೆ ಬಂತು.

ಆ ಕಾಡಿನಲ್ಲಿ ಜನ ಇದ್ದರು. ಕಡಿಮೆ ಜನರೇನಲ್ಲ. ಆದರೆ ಚಿಕ್ಕ ಚಿಕ್ಕ ಊರುಗಳಾಗಿ ಚದುರಿದ್ದರು, ಎಲ್ಲರಿಗೂ ಸೇರಿ ಒಬ್ಬ ನಾಯಕ ಅಂತ ಇರಲಿಲ್ಲ. ಕಡಲಿನಿಂದ ಬಂದ ಎತ್ತರದ ಜನರನ್ನು ನೋಡಿ ಹೆದರಿದರು, ಬೆರಗಾದರು, ಆದರೆ ಹಗೆ ಸಾಧಿಸಲಿಲ್ಲ. ಕಡಿತ ಮಿತಿ ಮೀರಿ, ತಮ್ಮ ಕಾಡೇ ಹೋಗುತ್ತಿದೆ ಅಂತ ಗೊತ್ತಾದ ಮೇಲೆ ಅಡಗಿ ಕೂತು ದಾಳಿ ಮಾಡತೊಡಗಿದರು. ಆಗ ನುಮೆನೋರಿನವರು ಅವರನ್ನು ಶತ್ರುಗಳು ಎಂದರು. ಆಮೇಲೆ ಕಡಿತಕ್ಕೆ ಮಿತಿಯೇ ಇಲ್ಲದ ಹಾಗಾಯಿತು. ಕಾಡಿನ ಒಳಗೆ ದೊಡ್ಡ ದೊಡ್ಡ ದಾರಿ ಮಾಡಿಕೊಂಡು ಉತ್ತರಕ್ಕೂ ದಕ್ಷಿಣಕ್ಕೂ ನುಗ್ಗಿದರು. ಮತ್ತೆ ನೆಡುವ ಯೋಚನೆಯನ್ನೇ ಬಿಟ್ಟರು. ತಮ್ಮ ದ್ವೀಪದಲ್ಲಿ ಕಡಿದಲ್ಲೆಲ್ಲ ಸಸಿ ನೆಟ್ಟ ಜನ ಇವರೇ ಅಲ್ವಾ? ಇನ್ನೊಬ್ಬರ ನೆಲದಲ್ಲಿ ಅದು ಯಾಕೆ ನೆನಪಾಗಲಿಲ್ಲ?

ಲೆಕ್ಕವಿಲ್ಲದಷ್ಟು ಹಡಗು ಮರ ಪಶ್ಚಿಮಕ್ಕೆ ಹೋಯಿತು. ಉಳಿದುಕೊಂಡ ಕಾಡಿನ ಜನ ಓಡಿದರು. ಕೆಲವರು ಎರಿನ್ ವೋರ್ನ್ ಎಂಬ ಕತ್ತಲೆ ಕಾಡಿನ ಭೂಶಿರಕ್ಕೆ, ಕೆಲವರು ಪೂರ್ವದ ಬೆಟ್ಟಗಳ ತಪ್ಪಲಿಗೆ. ಮುಂದೆ 1693ರಲ್ಲಿ ಎಲ್ಫ್‌ಗಳಿಗೂ ಮೊರ್ಗೋತನ ಹಳೇ ಬಂಟ ಸೌರಾನ್‌ಗೂ ಯುದ್ಧ ಶುರುವಾದಾಗ ಈ ಜನ ಸೌರಾನನ ಕಡೆ ಸೇರಿದರು. ಅವನ ಜನರಿಗೆ ದಾರಿ ತೋರಿಸಿದರು. ನುಮೆನೋರಿನವರ ದೊಡ್ಡ ದೊಡ್ಡ ಮರದ ದಾಸ್ತಾನಿಗೆ ಬೆಂಕಿ ಬಿತ್ತು.

ಮರದ ದಾಸ್ತಾನು ಅಂದರೆ ನನ್ನ ಮಾತಿನಲ್ಲಿ ಡಿಪೋ. ನನ್ನ ಜೀವಮಾನವೆಲ್ಲ ಡಿಪೋಗೆ ಬೆಂಕಿ ಬೀಳುತ್ತದೇನೋ ಎಂಬ ಭಯದಲ್ಲೇ ಬೇಸಿಗೆ ಕಳೆದವನು ನಾನು. ಬೆಂಕಿ ಹಚ್ಚುವ ಕೈ ಯಾರದ್ದಿರಬಹುದು, ಯಾಕಿರಬಹುದು ಅಂತ ಒಂದು ದಿನವೂ ಯೋಚಿಸಿರಲಿಲ್ಲ. ಒಂದು ಕಲ್ಪನೆಯ ಚರಿತ್ರೆ ನನ್ನನ್ನು ಆ ಯೋಚನೆಗೆ ಹಚ್ಚಿತು. ಸೌರಾನ್ ಒಳ್ಳೆಯವನೇನಲ್ಲ. ಅವನ ಕಡೆ ಹೋದವರಿಗೆ ಒಳ್ಳೆಯದೂ ಆಗಲಿಲ್ಲ. ಆದರೆ ಅವರನ್ನು ಅಲ್ಲಿಗೆ ದೂಡಿದ್ದು ಯಾರು ಅನ್ನುವುದನ್ನು ಟೋಲ್ಕಿನ್ ಮುಚ್ಚಿಡಲಿಲ್ಲ.

ಇನ್ನೂ ಒಂದು ಸಂಗತಿ ಇದೆ. ಅದನ್ನು ಓದಿದ್ದು ಆಮೇಲೆ, 1996ರಲ್ಲಿ ಕ್ರಿಸ್ಟೋಫರ್ ಅಚ್ಚು ಮಾಡಿಸಿದ 'ಹಿಸ್ಟರಿ ಆಫ್ ಮಿಡ್ಲ್-ಅರ್ಥ್' ಸರಣಿಯ ಕೊನೆಯ ಸಂಪುಟದಲ್ಲಿ. ಮಿನ್ಹಿರಿಯಾಥ್‌ನ ಆ ಕಾಡಿನ ಜನ ಬೇರೆ ಯಾರೂ ಅಲ್ಲ, ಹಾಲೆತಳ ಜನರ ಸಂಬಂಧಿಗಳು. ಅಂದರೆ ನುಮೆನೋರಿಗೆ ಹೋದ ಮೂರು ಮನೆತನಗಳಲ್ಲಿ ಒಂದರ ದಾಯಾದಿಗಳು. ಬಹಳ ಕಾಲ ಬೇರೆಯಾಗಿದ್ದರಿಂದ ಮಾತು ಬೇರೆಯಾಗಿತ್ತು. ಒಬ್ಬರ ಮಾತು ಒಬ್ಬರಿಗೆ ತಿಳಿಯಲಿಲ್ಲ. ಆದ್ದರಿಂದ ಇವರು ನಮ್ಮವರು ಅಂತ ಹಡಗಿನಿಂದ ಇಳಿದವರಿಗೆ ಗೊತ್ತೇ ಆಗಲಿಲ್ಲ. ಅವರು ಕಡಿದಿದ್ದು ತಮ್ಮ ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳ ಕಾಡನ್ನು.

ಸಂಪಾದಕರೇ, ಇದಕ್ಕಿಂತ ದೊಡ್ಡ ದುಃಖ ಆ ಅಲೆಯಲ್ಲಿ ಇದೆಯಾ? ನನಗೆ ಹಾಗೆ ಅನಿಸುವುದಿಲ್ಲ.

ಇದು ಬರೀ ಕಥೆ, ಇಷ್ಟು ಯಾಕೆ ತಲೆಕೆಡಿಸಿಕೊಳ್ಳುತ್ತೀರಿ ಅಂತ ನನ್ನ ಹೆಂಡತಿ ಕೇಳಿದಳು. ಅವಳಿಗೆ ನಾನು ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಇಂಗ್ಲೆಂಡಿನ ಹಾರ್ಟಲ್‌ಪೂಲ್ ಎಂಬ ಊರಿನಲ್ಲಿ 'ಟ್ರಿಂಕೋಮಲಿ' ಎಂಬ ಯುದ್ಧದ ಹಡಗು ಇವತ್ತೂ ನೀರಿನ ಮೇಲೆ ನಿಂತಿದೆ. ಅದನ್ನು ಕಟ್ಟಿದ್ದು ಮುಂಬೈಯಲ್ಲಿ, 1817ರಲ್ಲಿ, ಮಲಬಾರ್ ತೇಗದಿಂದ. ನೆಪೋಲಿಯನ್ ಜೊತೆಗಿನ ಯುದ್ಧಗಳಲ್ಲಿ ಅವರ ಕಡೆ ಹಡಗಿಗೆ ಬೇಕಾದ ಓಕ್ ಮರಕ್ಕೆ ಬರ ಬಂದಿತ್ತು, ಅದಕ್ಕೇ ಇಲ್ಲಿ ಕಟ್ಟಿಸಿದರು. ಇನ್ನೂರು ವರ್ಷ ದಾಟಿದರೂ ಆ ಹಡಗು ಉಳಿದುಕೊಂಡಿದೆ. ಆ ಹಡಗಿನ ಫೋಟೋ ನೋಡಿದಾಗೆಲ್ಲ ಆ ಒಂದೊಂದು ಮರ ನಿಂತಿದ್ದ ಜಾಗ ಎಲ್ಲಿರಬಹುದು ಅಂತ ಅನಿಸುತ್ತದೆ.

ನಮ್ಮ ಸೀಮೆಯ ಇನ್ನೊಂದು ನೆನಪೂ ಇದೆ. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ಹತ್ತಿರದ ಸಾಲ್ಕಣಿಯಲ್ಲಿ ಜನ ಕಾಡಿಗೆ ಹೋಗಿ ಮರಗಳನ್ನು ಅಪ್ಪಿಕೊಂಡು ನಿಂತರು. ಅಪ್ಪಿಕೋ ಚಳವಳಿ ಶುರುವಾಗಿದ್ದು ಹಾಗೆ. ನಾನು ಆಗಿನ್ನೂ ಇಪ್ಪತ್ತೈದರ ಹುಡುಗ, ಕೆಲಸಕ್ಕೆ ಸೇರಿ ಜಾಸ್ತಿ ದಿನ ಆಗಿರಲಿಲ್ಲ. ಮರ ಅಪ್ಪಿಕೊಂಡರೆ ನಮ್ಮ ಕೆಲಸದ ಗತಿ ಏನು ಅಂತ ಮಾತ್ರ ಯೋಚಿಸಿದ್ದೆ. ಅವತ್ತು ಅಲ್ಲಿಗೆ ಹೋಗಿ ಅವರ ಮಾತು ಕೇಳಬೇಕಿತ್ತು. ಹೋಗಲಿಲ್ಲ. ಗ್ವಾಥ್ಲೋ ದಡದ ಜನರ ಬಗ್ಗೆ ಓದಿದ ಮೇಲೆ ಅದು ಬಹಳ ಸಲ ನೆನಪಾಗಿದೆ.

ಇನ್ನು ಲೇಖನದಲ್ಲಿ ಇರುವ ಭಾಗದ ಬಗ್ಗೆ ಎರಡು ಮಾತು. ದೇವತೆಗಳ ಮೇಲಿನ ದಂಡಯಾತ್ರೆ ಒಂದೇ ದಿನದ ಸೊಕ್ಕಿನಿಂದ ಆಗಿದ್ದಲ್ಲ. ಮೊದಲು ಬೇರೆ ಜನರಿಗೆ ಬೇಸಾಯ, ಕಸುಬು ಕಲಿಸಲು ಹೋದವರು ಆಮೇಲೆ ಕಪ್ಪಕಾಣಿಕೆ ಕೇಳಲು ಹೋದರು. ಹನ್ನೆರಡನೇ ರಾಜ ಕಿರ್ಯಾತನ್ ಕಾಲಕ್ಕೆ ಅದು ದೊಡ್ಡದಾಯಿತು. ಸಂಪತ್ತು ಹೆಚ್ಚಿದ ಹಾಗೆ ಸಾವಿನ ಭಯವೂ ಹೆಚ್ಚಿತು. ಹಳೇ ರಾಜರು ಆಯಸ್ಸು ತುಂಬಿತು ಅನಿಸಿದಾಗ ಮಗನಿಗೆ ಪಟ್ಟ ಬಿಟ್ಟುಕೊಟ್ಟು ತಾವಾಗಿಯೇ ಕಣ್ಣು ಮುಚ್ಚುತ್ತಿದ್ದರು. ಹದಿಮೂರನೆಯವನು ಅತನಾಮಿರ್ ಬುದ್ಧಿ ಮಂಕಾಗುವವರೆಗೂ ಪಟ್ಟ ಬಿಡಲಿಲ್ಲ. ಅಲ್ಲಿಂದ ಮುಂದೆ ಜನ ಬದುಕಿರುವವರ ಮನೆಗಿಂತ ಸತ್ತವರ ಗೋರಿಗಳನ್ನು ಚೆನ್ನಾಗಿ ಕಟ್ಟತೊಡಗಿದರು.

ಭಾಷೆಯ ವಿಷಯವೂ ಇದೆ. ರಾಜರು ಪಟ್ಟಕ್ಕೆ ಬರುವಾಗ ಎಲ್ಫ್ ಭಾಷೆಯ ಹೆಸರು ಇಟ್ಟುಕೊಳ್ಳುವುದು ಹಳೇ ಪದ್ಧತಿ. 2899ರಲ್ಲಿ ಅರ್-ಅದೂನಖೋರ್ ಅದನ್ನು ಬಿಟ್ಟ. ಮುಂದೆ ಅರ್-ಗಿಮಿಲ್‌ಜೋರ್ ಆ ಭಾಷೆ ಆಡುವುದನ್ನೇ ನಿಷೇಧಿಸಿದ. ಎಲ್ಫ್‌ಗಳ ಜೊತೆಗಿನ ಹಳೇ ಸ್ನೇಹ ಬಿಡದ ಜನರನ್ನು ಪಶ್ಚಿಮದ ಊರುಗಳಿಂದ ಎಬ್ಬಿಸಿ ಪೂರ್ವದ ರೋಮೆನ್ನಕ್ಕೆ ತಂದು ಕೂರಿಸಿದ. ರಾಜಧಾನಿಯ ಅಂಗಳದಲ್ಲಿ ನಿಮ್ಲೋತ್ ಎಂಬ ಬಿಳಿಯ ಮರ ಇತ್ತು, ಅದರ ಆರೈಕೆ ನಿಂತುಹೋಯಿತು. ಅವನ ಮಗ ತಾರ್-ಪಲಾಂತಿರ್ ತಪ್ಪು ತಿದ್ದಿಕೊಳ್ಳಲು ನೋಡಿದ. ಮರಕ್ಕೆ ಮತ್ತೆ ನೀರೆರೆದ. ಈ ಮರ ಸತ್ತ ದಿನ ನಮ್ಮ ರಾಜವಂಶವೂ ಮುಗಿಯುತ್ತದೆ ಅಂತ ಅವನು ಹೇಳಿದ್ದ.

ಕೊನೆಯ ರಾಜ ಅರ್-ಫರಜೋನ್ 3262ರಲ್ಲಿ ಸೌರಾನನ್ನು ಸೆರೆ ಹಿಡಿದು ತಂದ. ಸೆರೆಯಾಳು ಕೆಲವೇ ವರ್ಷದಲ್ಲಿ ರಾಜನ ಕಿವಿಯಾದ. ರಾಜಧಾನಿ ಅರ್ಮೆನೆಲೋಸ್‌ನಲ್ಲಿ 500 ಅಡಿ ಎತ್ತರದ ಗುಡಿ ಎದ್ದಿತು. ಅದರ ಮೊದಲ ಬೆಂಕಿ ಹೊತ್ತಿದ್ದು ನಿಮ್ಲೋತ್ ಮರವನ್ನು ಕಡಿದ ಕಟ್ಟಿಗೆಯಿಂದ. ಆ ಹೊಗೆ ಏಳು ದಿನ ದ್ವೀಪದ ಮೇಲೆ ಕವಿದಿತ್ತು. ಅದಕ್ಕೂ ಮೊದಲು ಇಸಿಲ್ದೂರ್ ಎಂಬ ತರುಣ ವೇಷ ಮರೆಸಿಕೊಂಡು ರಾತ್ರಿ ಹೋಗಿ ಒಂದು ಹಣ್ಣು ಕಿತ್ತು ತಂದಿದ್ದ. ಕಾವಲಿನವರ ಏಟು ತಿಂದು ಸಾಯುವ ಹಾಗಾಗಿದ್ದ. ಆ ಹಣ್ಣಿನ ಬೀಜ ನೆಟ್ಟರು. ವಸಂತದಲ್ಲಿ ಮೊದಲ ಎಲೆ ಬಿಚ್ಚಿದಾಗ ಅವನು ಹಾಸಿಗೆಯಿಂದ ಎದ್ದ. ಇದನ್ನು ನಿಮ್ಮ ಲೇಖಕರು ಚೆನ್ನಾಗಿ ಬರೆದಿದ್ದಾರೆ, ನಾನು ಮತ್ತೆ ಹೇಳುವುದಿಲ್ಲ. ಸ್ವಂತ ಅಂಗಳದ ಒಂದು ಮರಕ್ಕೆ ಕೊಡಲಿ ಬಿದ್ದಾಗ ಓದುಗರಿಗೆ ಎದೆ ಝಲ್ಲೆನ್ನುತ್ತದೆ. ಅದಕ್ಕೂ ಎರಡು ಸಾವಿರ ವರ್ಷ ಮೊದಲೇ ಸಾವಿರಾರು ಮರಕ್ಕೆ ಅದೇ ಜನರ ಕೊಡಲಿ ಬಿದ್ದಿತ್ತು ಅನ್ನುವುದೂ ಗೊತ್ತಿದ್ದರೆ ಈ ಸಾಲುಗಳ ಭಾರವೇ ಬೇರೆಯಾಗುತ್ತದೆ.

3319ರಲ್ಲಿ ಹಡಗುಪಡೆ ಪಶ್ಚಿಮಕ್ಕೆ ಹೊರಟಿತು. 39ನೇ ದಿನ ದ್ವೀಪ ಮುಳುಗಿತು. ರಾಣಿ ಮಿರಿಯೆಲ್ ಮೆನೆಲ್ಟಾರ್ಮದ ತುದಿ ಮುಟ್ಟುವ ಮೊದಲೇ ಅಲೆ ಅವಳನ್ನು ಮುಟ್ಟಿತು. ಆ ಇಸಿಲ್ದೂರನ ಅಪ್ಪ ಎಲೆಂಡಿಲ್ ಮತ್ತು ಅವನ ಮಕ್ಕಳು ಒಂಬತ್ತು ಹಡಗಿನಲ್ಲಿ ತಪ್ಪಿಸಿಕೊಂಡು ಮಿಡ್ಲ್-ಅರ್ಥ್ ಸೇರಿದರು. ಆರ್ನೋರ್, ಗೊಂಡೋರ್ ಎಂಬ ಎರಡು ರಾಜ್ಯ ಕಟ್ಟಿದರು. ಅವರ ವಂಶದವರು ಊಟಕ್ಕೆ ಕೂರುವ ಮೊದಲು ಪಶ್ಚಿಮಕ್ಕೆ ಮುಖ ಮಾಡಿ ಒಂದು ಗಳಿಗೆ ಮೌನವಾಗಿ ನಿಲ್ಲುವ ಪದ್ಧತಿ ಇಟ್ಟುಕೊಂಡರು, ಮುಳುಗಿದ ನಾಡಿನ ನೆನಪಿಗೆ. ದೊಡ್ಡ ಅಲೆಯೊಂದು ಹಸಿರು ನೆಲದ ಮೇಲೆ ಏರಿ ಬರುವ ಕನಸು ಟೋಲ್ಕಿನ್ ಅವರಿಗೇ ಮತ್ತೆ ಮತ್ತೆ ಬೀಳುತ್ತಿತ್ತಂತೆ. ಅದನ್ನೇ ತಮ್ಮ ಕಥೆಯ ಫರಾಮಿರ್ ಎಂಬ ಪಾತ್ರಕ್ಕೂ ಕೊಟ್ಟರು.

ಆ ಪತನದ ಕಥೆಯನ್ನು ಬರೆದಿಟ್ಟವನು ಎಲೆಂಡಿಲ್ ಅಂತ ಆ ಲೋಕದ ನಂಬಿಕೆ. ತನ್ನ ಜನರ ದುಃಖವನ್ನು ಅವನು ಬರೆದ. ಗ್ವಾಥ್ಲೋ ದಡದವರ ಕಡೆ ಬರೆಯುವವರು ಯಾರೂ ಇರಲಿಲ್ಲ. ಅವರಿಗೂ ಮುಳುಗಿದ ಒಂದು ನಾಡಿತ್ತು. ಆದರೆ ಅದು ನೀರಿನಲ್ಲಿ ಮುಳುಗಲಿಲ್ಲ, ಹಡಗಾಗಿ ತೇಲಿಹೋಯಿತು. ಬೆಟ್ಟದ ತಪ್ಪಲಿಗೆ ಓಡಿದವರ ಸಂತತಿಯೇ ಡನ್‌ಲ್ಯಾಂಡಿನ ಜನ. ಮೂರನೇ ಯುಗದ ಕೊನೆಯಲ್ಲಿ ಸರುಮಾನ್ ಎಂಬ ಮಾಂತ್ರಿಕನ ಮಾತು ಕೇಳಿ ನೆರೆಯ ರೋಹಾನ್ ನಾಡಿನ ಮೇಲೆ ಪಂಜು ಹಿಡಿದು ಹೋದವರು. 'ಲಾರ್ಡ್ ಆಫ್ ದಿ ರಿಂಗ್ಸ್' ಸಿನಿಮಾದಲ್ಲಿ ಅವರನ್ನು ನೋಡಿದವರಿಗೆ ಬೆಂಕಿ ಹಚ್ಚುವ ಒರಟು ಜನ ಅಂತ ಮಾತ್ರ ನೆನಪಿರುತ್ತದೆ. ಅವರ ಮುತ್ತಜ್ಜಂದಿರ ಊರು ಎಲ್ಲಿತ್ತು ಅಂತ ಯಾರೂ ಕೇಳುವುದಿಲ್ಲ.

ನನ್ನ ಕೋರಿಕೆ ಇಷ್ಟೇ. ಲೇಖನದ ಎರಡನೇ ಭಾಗ ಮುಂದಿನ ವಾರ ಬರುತ್ತದೆ ಅಂತ ಹಾಕಿದ್ದೀರಿ. ಅದರಲ್ಲಿ ಅಲ್ಡಾರಿಯನ್, ಎರೆಂಡಿಸ್ ಮತ್ತು ಆ ಕಾಡಿಗೆ ಜಾಗ ಕೊಡಿ. ಜಾಗ ಕಡಿಮೆ ಅಂದರೆ ದಂಡಯಾತ್ರೆಯ ಭಾಗವನ್ನು ಸ್ವಲ್ಪ ಕಡಿಮೆ ಮಾಡಿ. ಮಕ್ಕಳು ಈ ಪುಟ ಓದುತ್ತಾರೆ. ನನ್ನ ಮೊಮ್ಮಗಳು ಕತ್ತರಿಸಿ ಅಂಟಿಸಿ ಇಟ್ಟುಕೊಳ್ಳುತ್ತಾಳೆ.

ಲೇಖನದ ಜೊತೆ ಹಾಕಿದ ನಕಾಶೆಯಲ್ಲಿ ಗ್ವಾಥ್ಲೋದ ಎರಡೂ ಕಡೆ ಬೋಳು ಬಯಲು ಇದೆ. ಅದು ಮೂರನೇ ಯುಗದ ನಕಾಶೆ, ಕಾಡು ಹೋದ ಮೇಲಿನದ್ದು. ಹಳೇ ಕಾಲದ್ದು ಹೇಗಿತ್ತು ಅಂತ ಅವಳೂ ನಾನೂ ಕೂತು ಒಂದು ನಕಾಶೆ ಬರೆದಿದ್ದೇವೆ. ಇಡೀ ಎರಡು ಹಸಿರು ಬಣ್ಣದ ಪೆನ್ಸಿಲ್ ಖಾಲಿಯಾಯಿತು. ಇಲ್ಲಿ ಇದ್ದವರ ಹೆಸರು ಏನಂತ ಬರೆಯಲಿ ಅಜ್ಜ, ಅಂತ ಕೇಳಿದಳು. ಹುಡುಕಿದೆ. ಬೇರೆಯವರು ಅವರನ್ನು ಕರೆದ ಹೆಸರುಗಳು ಸಿಕ್ಕಿದವು. ಅವರೇ ತಮ್ಮನ್ನು ಕರೆದುಕೊಳ್ಳುತ್ತಿದ್ದ ಹೆಸರು ನಾನು ಓದಿದ ಪುಟಗಳಲ್ಲಿ ಸಿಗಲಿಲ್ಲ. ಅಲ್ಲಿ ಒಂದು ಗೆರೆ ಎಳೆದು ಜಾಗ ಬಿಟ್ಟಿದ್ದಾಳೆ. ನಕಾಶೆಯ ಪ್ರತಿಯನ್ನು ಇದರ ಜೊತೆ ಕಳಿಸುತ್ತಿದ್ದೇನೆ.

ಇಂತಿ ನಿಮ್ಮ ಓದುಗ,
ನಿವೃತ್ತ ನಾಟಾ ಡಿಪೋ ಗುಮಾಸ್ತ,
ಶಿರಸಿ